ಸವೆದ ಜಿಬ್, ಹಳೆಯ ಜೆನೋವಾ: ಸಣ್ಣ ಯಾಟ್‌ನ ಮುಂದಿನ ಹಾಯಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೆಕೆಂಡ್ ಹ್ಯಾಂಡ್ ಯಾಟ್ ಕೊಳ್ಳುವವರು ಇಂಜಿನ್ ಶುರು ಮಾಡಿ ನೋಡುತ್ತಾರೆ, ತಳ ತಟ್ಟಿ ನೋಡುತ್ತಾರೆ. ಹಾಯಿ ಚೀಲದ ಬಾಯಿ ಬಿಚ್ಚಿ ನೋಡುವವರು ಕಡಿಮೆ. ಮೊದಲ ಜೋರು ಗಾಳಿಗೆ ಮುಂದಿನ ಹಾಯಿ ಚರ್ರನೆ ಹರಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. 20ರಿಂದ 30 ಅಡಿ ಉದ್ದದ, ಡಾಕ್ರಾನ್ (ಪಾಲಿಯೆಸ್ಟರ್ ಬಟ್ಟೆ) ಹಾಯಿ ಇರುವ ದೋಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಹಾಯಿಯಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ದಾರ, ಬಟ್ಟೆ ಅಲ್ಲ. ಹಾಗಾಗಿ "ಹರಿದಿದೆ, ಹೊಸದು ತರಬೇಕು" ಅನ್ನುವ ಎಷ್ಟೋ ಹಾಯಿಗಳಿಗೆ ಬೇಕಿರುವುದು ಬರೀ ಹೊಲಿಗೆ.

ಚೀಲದಲ್ಲಿ ಮೂರ್ನಾಲ್ಕು ಹಾಯಿ ಇವೆ. ಯಾವುದು ಏನು ಅಂತ ಹೇಗೆ ತಿಳಿಯುವುದು?

ಹುಲ್ಲಿನ ಮೇಲೆ ಅಥವಾ ದೊಡ್ಡ ಹಾಲ್‌ನಲ್ಲಿ ಒಂದೊಂದನ್ನೇ ಬಿಡಿಸಿ ಹಾಸಿ. ಮೊದಲು ಲಫ್ ಯಾವ ಅಂಚು ಅಂತ ಹುಡುಕಿ. ಫೋರ್‌ಸ್ಟೇಗೆ, ಅಂದರೆ ಮಾಸ್ಟ್ (ಹಾಯಿಕಂಬ) ಬೀಳದಂತೆ ಮುಂದಿನಿಂದ ಹಿಡಿದಿರುವ ತಂತಿಗೆ, ತಾಗಿ ನಿಲ್ಲುವ ಅಂಚು ಅದು. ಅದರ ಉದ್ದಕ್ಕೂ ಹಿತ್ತಾಳೆ ಬಣ್ಣದ ಕೊಂಡಿಗಳು, ಅಂದರೆ ಹ್ಯಾಂಕ್‌ಗಳು ಇರುತ್ತವೆ. ಇಲ್ಲವೇ ಫರ್ಲರ್‌ನ (ಹಾಯಿಯನ್ನು ಫೋರ್‌ಸ್ಟೇ ಸುತ್ತ ಸುತ್ತಿಡುವ ಸಾಧನ) ಗಾಡಿಯಲ್ಲಿ, ಅಂದರೆ ಉದ್ದನೆಯ ತೋಡಿನಲ್ಲಿ, ಜಾರಿ ಹೋಗುವ ದಪ್ಪ ದಾರದಂಥ ಟೇಪ್ ಇರುತ್ತದೆ. ತೀರಾ ಚೂಪಾದ ಮೂಲೆ ಹೆಡ್, ಅದು ಮೇಲೆ ಹೋಗುತ್ತದೆ. ಲಫ್‌ನ ಕೆಳ ತುದಿ ಟ್ಯಾಕ್. ಹೊಲಿದವರ ಹೆಸರಿನ ಲೇಬಲ್ ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ಉಳಿದ ಮೂಲೆ ಕ್ಲ್ಯೂ, ಶೀಟ್ (ಹಾಯಿಯನ್ನು ಹಿಂದಕ್ಕೆ ಎಳೆದು ಹಿಡಿಯುವ ಹಗ್ಗ) ಕಟ್ಟುವ ಜಾಗ. ಹೆಡ್‌ನಿಂದ ಕ್ಲ್ಯೂವರೆಗಿನ ಹಿಂದಿನ ಅಂಚು ಲೀಚ್, ಕೆಳಗಿನದು ಫುಟ್.

ಚಿಕ್ಕದಾಗಿ, ದಪ್ಪ ಬಟ್ಟೆಯಲ್ಲಿ, ಕೆಲವೊಮ್ಮೆ ಕಿತ್ತಳೆ ಬಣ್ಣದಲ್ಲಿ ಇದ್ದರೆ ಅದು ಸ್ಟಾರ್ಮ್ ಜಿಬ್. ಮಾಸ್ಟ್ ದಾಟಿ ಹಿಂದಕ್ಕೆ ಬರುವಷ್ಟು ದೊಡ್ಡದಿದ್ದರೆ ಜೆನೋವಾ. ಮಾಸ್ಟ್ ಮುಂದೆಯೇ ನಿಂತರೆ ವರ್ಕಿಂಗ್ ಜಿಬ್. ಕೈಗೆ ರೇಷ್ಮೆಯಂತೆ ಹಗುರವಾಗಿ, ಬಣ್ಣ ಬಣ್ಣದ ನೈಲಾನ್ ಆಗಿದ್ದರೆ ಅದು ಸ್ಪಿನಾಕರ್ ಅಥವಾ ಡ್ರಿಫ್ಟರ್. ಅದರ ರಿಪೇರಿ ಬೇರೆಯದೇ ಕಥೆ. ಇಲ್ಲಿ ಹೇಳುವ ದಪ್ಪ ದಾರ, ದಬ್ಬಣ ಅದಕ್ಕೆ ಮುಟ್ಟಿಸಬೇಡಿ.

"150 ಪರ್ಸೆಂಟ್ ಜೆನೋವಾ" ಅಂದರೆ ಯಾವುದರ 150?

ಡೆಕ್ ಮಟ್ಟದಲ್ಲಿ ಮಾಸ್ಟ್‌ನ ಮುಂಭಾಗದಿಂದ ಫೋರ್‌ಸ್ಟೇವರೆಗಿನ ದೂರಕ್ಕೆ ಜೆ ಅಳತೆ ಅನ್ನುತ್ತಾರೆ. ಹಾಯಿಯ ಕ್ಲ್ಯೂನಿಂದ ಲಫ್‌ಗೆ ನೇರವಾಗಿ, ಲಂಬ ಕೋನದಲ್ಲಿ ಟೇಪ್ ಹಿಡಿದರೆ ಬರುವುದು ಎಲ್‌ಪಿ. ಎಲ್‌ಪಿಯನ್ನು ಜೆಯಿಂದ ಭಾಗಿಸಿ ನೂರರಿಂದ ಗುಣಿಸಿ, ಅಷ್ಟೇ. ರಾಡ್ ಜಾನ್‌ಸ್ಟೋನ್ ವಿನ್ಯಾಸದ ಜೆ/24 ದೋಣಿಯಲ್ಲಿ ಜೆ ಸುಮಾರು 2.9 ಮೀಟರ್. ಅದರ ಜೆನೋವಾ ಎಲ್‌ಪಿ ಸುಮಾರು 4.35 ಮೀಟರ್ ಬಂದರೆ ಅದು 150. ಎಲ್ಲರೂ ಮಾಡುವ ತಪ್ಪು ಒಂದೇ: ಫುಟ್ ಉದ್ದವನ್ನೇ ಎಲ್‌ಪಿ ಅಂತ ಹಿಡಿಯುವುದು. ಫುಟ್ ಯಾವಾಗಲೂ ಅದಕ್ಕಿಂತ ತುಸು ಉದ್ದ ಬರುತ್ತದೆ.

ಲೇಬಲ್‌ನಲ್ಲಿ "6 ಔನ್ಸ್" ಅಂತಿದೆ. ನನ್ನ ಗೆಳೆಯನದು 8. ನನ್ನದು ತೆಳುವೇ?

ಇಬ್ಬರದೂ ಹತ್ತಿರ ಹತ್ತಿರ ಒಂದೇ ಬಟ್ಟೆ ಇರಬಹುದು. ಅಮೆರಿಕದ ಹಾಯಿ ಔನ್ಸ್ ಲೆಕ್ಕ 36 ಇಂಚು ಉದ್ದ, 28.5 ಇಂಚು ಅಗಲದ ತುಂಡಿನ ತೂಕ. ಬ್ರಿಟನ್‌ನಲ್ಲಿ ಪೂರ್ತಿ ಚದರ ಗಜದ ತೂಕ. ಅಮೆರಿಕದ 6 ಅಂದರೆ ಚದರ ಮೀಟರಿಗೆ ಸುಮಾರು 257 ಗ್ರಾಂ, ಬ್ರಿಟನ್‌ನ 8 ಅಂದರೆ ಸುಮಾರು 271 ಗ್ರಾಂ. ತೇಪೆಗೆ ಬಟ್ಟೆ ಕೊಳ್ಳುವಾಗ ಗ್ರಾಂನಲ್ಲೇ ಕೇಳಿ, ಗೊಂದಲ ಇರುವುದಿಲ್ಲ.

ಹಳೆಯ ಹಾಯಿಯೊಂದು ಅಗ್ಗಕ್ಕೆ ಸಿಗುತ್ತಿದೆ. ನನ್ನ ದೋಣಿಗೆ ಆಗುತ್ತದಾ?

ಹ್ಯಾಲ್ಯರ್ಡ್, ಅಂದರೆ ಹಾಯಿ ಏರಿಸುವ ಹಗ್ಗದ ತುದಿಗೆ ಅಳತೆ ಟೇಪ್ ಕಟ್ಟಿ ಮೇಲೆ ಏರಿಸಿ, ಟ್ಯಾಕ್ ಕಟ್ಟುವ ಜಾಗದವರೆಗೆ ಅಳೆಯಿರಿ. ಆ ಹಾಯಿಯ ಲಫ್ ಅದಕ್ಕಿಂತ ಚಿಕ್ಕದಿರಬೇಕು. ಎಳೆದಾಗ ಲಫ್ ಹಿಗ್ಗುತ್ತದೆ, ಅದಕ್ಕೂ ಜಾಗ ಬೇಕು. ಫರ್ಲರ್ ಇದ್ದರೆ ಡ್ರಮ್ (ಕೆಳಗೆ ಹಗ್ಗ ಸುತ್ತುವ ಉರುಳೆ) ಮತ್ತು ಮೇಲಿನ ಸ್ವಿವೆಲ್ (ತಿರುಗುವ ಕೊಂಡಿ) ತಿನ್ನುವ ಎತ್ತರವನ್ನೂ ಕಳೆಯಿರಿ. ಲಫ್ ಚಿಕ್ಕದಾದರೆ ಹೆಡ್‌ಗೆ ಒಂದು ಹಗ್ಗದ ತುಂಡು ಸೇರಿಸಿ ಸರಿಮಾಡಬಹುದು. ಉದ್ದವಾದರೆ ಬಿಡಿ. ಕತ್ತರಿಸಿ ಹೊಲಿಸುವ ಖರ್ಚಿನಲ್ಲಿ ಅಗ್ಗ ಅನ್ನುವುದು ಉಳಿಯುವುದಿಲ್ಲ.

ಫರ್ಲರ್ ಗಾಡಿಗೆ ಟೇಪ್ ದಪ್ಪವೂ ಹೊಂದಬೇಕು. ಸಣ್ಣ ದೋಣಿಗಳಲ್ಲಿ 5 ಅಥವಾ 6 ಮಿಲಿಮೀಟರ್ ಸಾಮಾನ್ಯ. 6ರ ಟೇಪನ್ನು 5ರ ಗಾಡಿಗೆ ತುರುಕಿದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಅದೂ ಗಾಳಿ ಏರುವ ಹೊತ್ತಿಗೇ!

ಹಾಯಿ ಸವೆದಿದೆಯೋ ಇಲ್ಲವೋ ಹೇಗೆ ಪರೀಕ್ಷಿಸಲಿ?

ಹೆಬ್ಬೆರಳ ಉಗುರು ಸಾಕು. ಲೀಚ್ ಹತ್ತಿರ, ಅದರಲ್ಲೂ ಮೇಲಿನ ಮೂರನೇ ಒಂದು ಭಾಗದಲ್ಲಿ, ಒಂದು ಹೊಲಿಗೆಯ ಮೇಲೆ ಉಗುರು ಇಟ್ಟು ಅಡ್ಡಕ್ಕೆ ಗೀಚಿ. ದಾರ ಗಟ್ಟಿ ಇದ್ದರೆ ಉಗುರು ಜಾರುತ್ತದೆ, ಏನೂ ಆಗುವುದಿಲ್ಲ. ಸತ್ತಿದ್ದರೆ ಟಿಕ್ ಟಿಕ್ ಅಂತ ಒಂದೊಂದೇ ಟಾಕು ಕಿತ್ತುಬರುತ್ತದೆ, ಉಗುರಿಗೆ ಬಿಳಿ ಪುಡಿ ಅಂಟುತ್ತದೆ. ಪುಡಿ ಕಂಡರೆ ಆ ಇಡೀ ಜೋಡು, ಅಂದರೆ ಎರಡು ಬಟ್ಟೆ ಸೇರಿಸಿ ಹೊಲಿದ ಸಾಲು, ಮತ್ತೆ ಹೊಲಿಯಬೇಕು. ಹರಿದು ಕೆಡುತ್ತದೆ ಅಂತ ಗೀಚಲು ಹೆದರಬೇಡಿ. ಉಗುರಿಗೆ ಬಗ್ಗಿದ ದಾರ ಗಾಳಿಗೆ ನಿಲ್ಲುವುದಿಲ್ಲ.

ಹೀಗೇಕೆ? ಹಾಯಿ ಬಟ್ಟೆಯನ್ನು ಬಿಗಿಯಾಗಿ ನೇಯ್ದಿರುತ್ತಾರೆ, ಎಳೆಗಳು ಒಂದನ್ನೊಂದು ಬಿಸಿಲಿನಿಂದ ಮರೆಮಾಡುತ್ತವೆ. ಹೊಲಿಗೆಯ ದಾರ ಮೇಲೆ ಎದ್ದು ನಿಂತಿರುತ್ತದೆ. ಬಿಸಿಲೂ ಅದಕ್ಕೇ, ಹಗ್ಗದ ಉಜ್ಜೂ ಅದಕ್ಕೇ.

ಆಮೇಲೆ ಯುವಿ (ಬಿಸಿಲಿನ ಅತಿನೇರಳೆ ಕಿರಣ ತಡೆಯುವ) ಪಟ್ಟಿ ನೋಡಿ. ಫರ್ಲರ್ ಹಾಯಿಯ ಲೀಚ್ ಮತ್ತು ಫುಟ್ ಉದ್ದಕ್ಕೂ ನೀಲಿ ಅಥವಾ ಹಸಿರು ಬಟ್ಟೆ ಹೊಲಿದಿರುತ್ತಾರಲ್ಲ, ಅದು. ಅದೇ ಬಿಸಿಲು ತಿಂದು ಕೆಳಗಿನ ಹಾಯಿ ಉಳಿಸುವುದು. ಸನ್‌ಬ್ರೆಲ್ಲಾದಂಥ ಅಕ್ರಿಲಿಕ್ ಬಟ್ಟೆಯ ಬಣ್ಣ ಮಾಸಿದರೆ ಗಾಬರಿ ಬೇಡ, ಪಟ್ಟಿ ಇನ್ನೂ ಕೆಲಸ ಮಾಡುತ್ತಿರಬಹುದು. ಅದರ ಹೊಲಿಗೆ ಬಿಟ್ಟು ಪಟ್ಟಿ ಜೋತುಬಿದ್ದಿದ್ದರೆ ಮಾತ್ರ ತಡಮಾಡಬೇಡಿ. ಸ್ಪ್ರೆಡರ್ (ಮಾಸ್ಟ್‌ನ ಅಡ್ಡ ತೋಳು) ತಾಗುವ ಜಾಗ, ಫುಟ್ ರೇಲಿಂಗ್‌ಗೆ ಉಜ್ಜುವ ಜಾಗ, ಲಫ್ ಟೇಪ್ ಗಾಡಿಗೆ ಹೋಗುವ ಕೆಳಭಾಗ, ಈ ಮೂರನ್ನೂ ಕೈಯಲ್ಲಿ ಸವರಿ ನೋಡಿ.

ಯಾವಾಗ ಹಾಯಿಯ ಆಸೆ ಬಿಡಬೇಕು?

ಬಟ್ಟೆಯೇ ಸತ್ತಾಗ. ಲೀಚ್ ಹತ್ತಿರ ಬಟ್ಟೆಗೆ ಸೂಜಿ ಚುಚ್ಚಿ, ಸೂಜಿಯನ್ನು ಹಿಡಿದು ಪಕ್ಕಕ್ಕೆ ಜಗ್ಗಿ. ತೂತು ಸುಲಭವಾಗಿ ಸೀಳಿಕೊಂಡು ಹೋದರೆ ಅಲ್ಲಿ ಹೊಸ ಹೊಲಿಗೆ ಹಾಕಿ ಪ್ರಯೋಜನವಿಲ್ಲ. ಸೂಜಿಯ ತೂತುಗಳ ಸಾಲಿನಲ್ಲೇ ಮತ್ತೆ ಹರಿಯುತ್ತದೆ. ಸತ್ತಿರುವುದು ಲೀಚ್‌ನ ಒಂದಿಷ್ಟು ಅಗಲ ಮಾತ್ರ ಆಗಿದ್ದರೆ, ಅಷ್ಟನ್ನು ಕತ್ತರಿಸಿ ಸ್ವಲ್ಪ ಚಿಕ್ಕ ಹಾಯಿ ಮಾಡಿಸಬಹುದು. 150ರ ಜೆನೋವಾ 130ಕ್ಕೆ ಇಳಿದರೆ ಹೆಚ್ಚಿನವರಿಗೆ ನಷ್ಟವೇನಿಲ್ಲ. ನನ್ನ ಕೇಳಿದರೆ ಇಬ್ಬರೇ ಓಡಿಸುವ ದೋಣಿಗೆ ಅದೇ ಒಳ್ಳೆಯ ಅಳತೆ.

ಹಾಯಿ ಜೋಲುಬಿದ್ದಿದೆ, ಹೊಟ್ಟೆ ಬಂದಿದೆ. ರಿಪೇರಿ ಆಗುತ್ತದಾ?

ರಿಪೇರಿಗೆ ಮೊದಲು ರಿಗ್ಗಿಂಗ್, ಅಂದರೆ ಮಾಸ್ಟ್ ಮತ್ತು ಹಾಯಿಯನ್ನು ಹಿಡಿದಿರುವ ತಂತಿ ಹಗ್ಗಗಳನ್ನು ನೋಡಿ. ಹಾಯಿಯ ಮೇಲೆ ಹೊರಿಸುವ ದೂರುಗಳಲ್ಲಿ ಬಹಳಷ್ಟು ಹಗ್ಗದ್ದೇ ತಪ್ಪು. ಲಫ್‌ನಿಂದ ಅಡ್ಡಡ್ಡ ಸುಕ್ಕು ಹೊರಟಿದ್ದರೆ ಹ್ಯಾಲ್ಯರ್ಡ್ ಸಡಿಲ. ಬ್ಯಾಕ್‌ಸ್ಟೇ (ಮಾಸ್ಟ್‌ನ ಹಿಂದಿನ ತಂತಿ) ಸಡಿಲವಿದ್ದರೆ ಫೋರ್‌ಸ್ಟೇ ಬಾಗುತ್ತದೆ, ಬಾಗಿದ ಫೋರ್‌ಸ್ಟೇ ಹಾಯಿಗೆ ಹೊಟ್ಟೆ ತರಿಸುತ್ತದೆ. ಎರಡನ್ನೂ ಬಿಗಿ ಮಾಡಿ, ಫುಟ್‌ನ ನಡುವೆ ಕೂತು ಮೇಲೆ ನೋಡಿ. ಹಾಯಿ ಅತಿ ಆಳವಾಗುವ ಜಾಗ ಲಫ್‌ನಿಂದ 35-40 ಪರ್ಸೆಂಟ್ ದೂರದಲ್ಲಿದ್ದರೆ ಚೆನ್ನಾಗಿದೆ. ಎಲ್ಲ ಬಿಗಿದ ಮೇಲೂ ಅದು ಅರ್ಧ ದಾಟಿ ಹಿಂದೆ ಇದ್ದರೆ ಬಟ್ಟೆ ಹಿಗ್ಗಿದೆ ಅಂತ ಅರ್ಥ. ಅಂಥ ಹಾಯಿ ದೋಣಿಯನ್ನು ಮುಂದೆ ಒಯ್ಯುವುದಕ್ಕಿಂತ ಜಾಸ್ತಿ ಪಕ್ಕಕ್ಕೆ ವಾಲಿಸುತ್ತದೆ. ಲಾಫ್ಟ್‌ನಲ್ಲಿ (ಹಾಯಿ ಹೊಲಿಯುವವರ ಅಂಗಡಿ) ಸ್ವಲ್ಪ ತಿದ್ದಬಹುದು, ಪೂರ್ತಿ ಅಲ್ಲ.

ಫರ್ಲರ್‌ಗೆ ಹಾಯಿ ಏರಿಸುವ ಕ್ರಮ ಏನು?

ಗಾಳಿ ಇಲ್ಲದ ಬೆಳಗಿನ ಹೊತ್ತು ಆರಿಸಿ. ದೋಣಿಯ ಮೂತಿ ಗಾಳಿಗೆ ಎದುರಾಗಿರಲಿ. ಒಬ್ಬರು ಹ್ಯಾಲ್ಯರ್ಡ್ ಎಳೆಯಲು, ಒಬ್ಬರು ಟೇಪ್ ಊಡಿಸಲು, ಇಬ್ಬರಿದ್ದರೆ ಸುಖ.

ಟ್ಯಾಕ್ ಮೊದಲು ಡ್ರಮ್‌ಗೆ. ಆಮೇಲೆ ಶೀಟ್‌ಗಳನ್ನು ಕ್ಲ್ಯೂಗೆ ಕಟ್ಟಿ, ಬ್ಲಾಕ್‌ಗಳ (ರಾಟೆ) ಮೂಲಕ ಹಿಂದಕ್ಕೆ ತಂದು ತುದಿಗೆ ಗಂಟು ಹಾಕಿ. ಹೆಡ್ ಸ್ವಿವೆಲ್‌ಗೆ, ಸ್ವಿವೆಲ್ ಹ್ಯಾಲ್ಯರ್ಡ್‌ಗೆ. ಟೇಪ್ ತುದಿಯನ್ನು ಗಾಡಿಗೆ ಸೇರಿಸಿ ನಿಧಾನ ಏರಿಸಿ. ಸಿಕ್ಕಿಕೊಂಡರೆ ವಿಂಚ್ (ಹಗ್ಗ ಎಳೆಯುವ ತಿರುಗಣೆ) ತಿರುಗಿಸಿ ಬಲ ಹಾಕಬೇಡಿ, ಕೆಳಗಿಳಿಸಿ ಟೇಪ್ ನೋಡಿ. ಪೂರ್ತಿ ಏರಿದ ಮೇಲೆ ಲಫ್‌ನ ಅಡ್ಡ ಸುಕ್ಕು ಹೋಗುವವರೆಗೆ ಬಿಗಿದರೆ ಸಾಕು.

ಈಗ ಮೇಲೆ ನೋಡಿ. ಸ್ವಿವೆಲ್‌ನಿಂದ ಹ್ಯಾಲ್ಯರ್ಡ್ ಹಿಂದಕ್ಕೆ, ಮಾಸ್ಟ್ ಕಡೆಗೆ ಸುಮಾರು 10 ಡಿಗ್ರಿ ಕೋನದಲ್ಲಿ ಹೋಗುತ್ತಿರಬೇಕು. ಫೋರ್‌ಸ್ಟೇಗೆ ಸಮನಾಗಿ, ಅಂಟಿಕೊಂಡು ಹೋದರೆ, ಹಾಯಿ ಸುತ್ತುವಾಗ ಹ್ಯಾಲ್ಯರ್ಡ್ ಕೂಡ ಸುತ್ತಿಕೊಳ್ಳುತ್ತದೆ. ಫರ್ಲರ್ ಕಚ್ಚಿಕೊಳ್ಳುವುದು ಬಹುಪಾಲು ಇದರಿಂದಲೇ. ಆಗ ಡ್ರಮ್‌ನ ಹಗ್ಗವನ್ನು ವಿಂಚ್‌ಗೆ ಹಾಕಿ ಎಳೆದವರು ಫೋರ್‌ಸ್ಟೇ ತಂತಿಯನ್ನೇ ತಿರುಚಿ ಎಳೆ ಬಿಚ್ಚಿಸಿದ್ದಾರೆ. ಮಾಸ್ಟ್ ನಿಂತಿರುವುದು ಆ ತಂತಿಯ ಮೇಲೆ ಅನ್ನುವುದು ನೆನಪಿರಲಿ. ಲಫ್ ಚಿಕ್ಕದಾಗಿ ಸ್ವಿವೆಲ್ ಕೆಳಗೇ ನಿಂತಿದ್ದರೆ ಹೆಡ್‌ಗೆ ಹಗ್ಗದ ತುಂಡು ಸೇರಿಸಿ ಮೇಲೆ ಕಳಿಸಿ. ಆಗಲೂ ಕೋನ ಸಿಗದಿದ್ದರೆ ಮಾಸ್ಟ್‌ಗೆ ಹ್ಯಾಲ್ಯರ್ಡ್ ತಡೆಯುವ ಗೈಡ್ ಹಾಕಿಸಬೇಕು.

ಸುತ್ತಿದ ಮೇಲೆ ಯುವಿ ಪಟ್ಟಿ ಒಳಗೆ ಹೋಗಿ, ಬಿಳಿ ಹಾಯಿ ಹೊರಗೆ ಕಾಣುತ್ತಿದೆ.

ಉಲ್ಟಾ ಸುತ್ತಿದ್ದೀರಿ. ಹಾಯಿ ಪೂರ್ತಿ ಬಿಚ್ಚಿ, ಡ್ರಮ್ ಮೇಲಿನ ಹಗ್ಗವನ್ನು ತೆಗೆದು, ವಿರುದ್ಧ ದಿಕ್ಕಿಗೆ ಸುತ್ತಿ ಹಾಕಿ. ಹಾಯಿ ಪೂರ್ತಿ ಸುತ್ತಿಕೊಂಡ ಮೇಲೂ ಶೀಟ್ ಎರಡು ಮೂರು ಸುತ್ತು ಬರುವಷ್ಟು ಹಗ್ಗ ಡ್ರಮ್‌ನಲ್ಲಿ ಇರಬೇಕು. ಆ ಸುತ್ತು ಇಲ್ಲದ ಹಾಯಿಯನ್ನು ರಾತ್ರಿ ಗಾಳಿ ತುದಿಯಿಂದ ಬಿಚ್ಚಿಕೊಂಡು, ಬೆಳಿಗ್ಗೆಯೊಳಗೆ ಚಿಂದಿ ಮಾಡಿರುತ್ತದೆ.

ಶೀಟ್‌ಗೆ ಶ್ಯಾಕಲ್ (ಲೋಹದ ಕೊಂಡಿ) ಹಾಕಬಹುದಾ?

ಬೇಡ. ಬೋಲೈನ್ ಗಂಟು ಹಾಕಿ. ಹಾಯಿ ಪಟಪಟ ಬಡಿಯುವಾಗ ಆ ಕಬ್ಬಿಣ ನಿಮ್ಮ ತಲೆಯ ಎತ್ತರದಲ್ಲೇ ಹಾರಾಡುತ್ತಿರುತ್ತದೆ.

ಶೀಟ್ ಬ್ಲಾಕ್ ಹಳಿಯ ಮೇಲೆ ಎಲ್ಲಿ ನಿಲ್ಲಬೇಕು?

ಲಫ್‌ನಿಂದ ಒಂದು ಗೇಣು ಹಿಂದೆ, ಕೆಳಗೆ, ನಡುವೆ, ಮೇಲೆ ಅಂತ ಮೂರು ಕಡೆ ಉಣ್ಣೆ ದಾರದ ಟೆಲ್‌ಟೇಲ್ (ಗಾಳಿಯ ಹರಿವು ತೋರಿಸುವ ಎಳೆ) ಅಂಟಿಸಿ. ಗಾಳಿಯ ಕಡೆಗೆ ನಿಧಾನ ತಿರುಗುತ್ತಾ ಹೋಗಿ. ಮೇಲಿನದು ಮೊದಲು ಕುಣಿದರೆ ಬ್ಲಾಕ್ ಮುಂದಕ್ಕೆ, ಕೆಳಗಿನದು ಮೊದಲು ಕುಣಿದರೆ ಹಿಂದಕ್ಕೆ. ಮೂರೂ ಒಟ್ಟಿಗೆ ಕುಣಿದರೆ ಅಲ್ಲಿ ಹಳಿಗೆ ಗುರುತು ಹಾಕಿಕೊಳ್ಳಿ. ಫರ್ಲರ್‌ನಲ್ಲಿ ಹಾಯಿ ಸ್ವಲ್ಪ ಸುತ್ತಿ ಚಿಕ್ಕದು ಮಾಡಿದಾಗ ಬ್ಲಾಕ್ ಮುಂದೆ ತರಬೇಕು. ಇದನ್ನು ಮರೆಯುವವರೇ ಜಾಸ್ತಿ.

ಬಿಟ್ಟುಹೋದ ಜೋಡನ್ನು ಕೈಯಲ್ಲೇ ಹೊಲಿಯುವುದು ಹೇಗೆ?

ಇದು ಎಲ್ಲರಿಂದಲೂ ಆಗುವ ಕೆಲಸ. ಬಟ್ಟೆ ಹೊಲಿಯಲು ಬರದವರೂ ಮಾಡಬಹುದು. ಬೇಕಿರುವುದು ಅಂಗೈಗೆ ಕಟ್ಟುವ ಚರ್ಮದ ಪಾಮ್, ತ್ರಿಕೋನ ಮೊನೆಯ ಹಾಯಿ ಸೂಜಿ, ಪಾಲಿಯೆಸ್ಟರ್ ದಾರ, ಒಂದು ತುಂಡು ಜೇನುಮೇಣ. ಸಾಧಾರಣ ಡಾಕ್ರಾನ್‌ಗೆ 16 ನಂಬರಿನ ಸೂಜಿ ಸರಿಹೋಗುತ್ತದೆ. ನಂಬರ್ ಏರಿದಷ್ಟೂ ಸೂಜಿ ತೆಳು.

ಜೋಡು ಪೂರ್ತಿ ಬಿಟ್ಟಿದ್ದರೆ, ಹಳೆಯ ದಾರದ ಚೂರುಗಳನ್ನು ಕಿತ್ತು ತೆಗೆಯಿರಿ. ಎರಡೂ ಬಟ್ಟೆಯ ಹಳೆಯ ತೂತುಗಳು ಎದುರುಬದುರು ಬರುವಂತೆ ಹೊಂದಿಸಿ, ಎರಡೂ ಕಡೆ ಅಂಟುವ ಟೇಪ್ ಹಾಕಿ ಹಿಡಿಸಿ. ಈಗ ದಾರಕ್ಕೆ ಮೇಣ ಉಜ್ಜಿ, ಹಳೆಯ ತೂತುಗಳಲ್ಲೇ ಸೂಜಿ ಇಳಿಸುತ್ತಾ ಹೋಗಿ. ಒಂದು ತೂತು ಬಿಟ್ಟು ಒಂದರಲ್ಲಿ ಹೋಗಿ, ಕೊನೆ ತಲುಪಿದ ಮೇಲೆ ಉಳಿದ ತೂತುಗಳಲ್ಲಿ ವಾಪಸ್ ಬನ್ನಿ. ಮಷೀನ್ ಹಾಕಿದ್ದ ಜಿಗ್‌ಜ್ಯಾಗ್ ಮತ್ತೆ ಕಾಣುತ್ತದೆ. ಹಳೆಯ ತೂತು ಬಳಸುವುದರಿಂದ ಎರಡು ಲಾಭ: ಬಟ್ಟೆಗೆ ಹೊಸ ತೂತು ಬೀಳುವುದಿಲ್ಲ, ಹಾಯಿಯ ಆಕಾರವೂ ಕೆಡುವುದಿಲ್ಲ. ಟಾಕು ಬಿಗಿಯಾಗಿರಲಿ, ಬಟ್ಟೆ ನಿರಿಗೆ ಬೀಳುವಷ್ಟು ಬೇಡ.

ದಾರದ ಜೋಡಿ ಎಳೆ ಒಂದು ತೋಳಿನ ಉದ್ದಕ್ಕಿಂತ ಜಾಸ್ತಿ ಇದ್ದರೆ ಗೋಜಲಾಗುತ್ತದೆ. ಎಳೆದೆಳೆದು ಸುಮ್ನೆ ಮೇಣವೂ ಹೋಗುತ್ತದೆ.

ಹರಿದ ಜಾಗಕ್ಕೆ ತೇಪೆ ಹಾಕುವುದು?

ಮೊದಲು ಉಪ್ಪು ತೊಳೆಯಿರಿ. ಉಪ್ಪು ಇರುವ ಬಟ್ಟೆಗೆ ಯಾವ ಅಂಟೂ ನಿಲ್ಲುವುದಿಲ್ಲ. ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಸ್ಪಿರಿಟ್‌ನಲ್ಲಿ ಒರೆಸಿ.

ಬೆರಳುದ್ದದ ಹರುಕಿಗೆ ಅಂಟುವ ಡಾಕ್ರಾನ್ ಟೇಪ್ ಎರಡೂ ಕಡೆ ಹಾಕಿದರೆ ಸಾಕು. ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆ ಬೇಗ ಎದ್ದುಬರುತ್ತದೆ. ದೊಡ್ಡ ಹರುಕಿಗೆ ಬಟ್ಟೆಯ ತೇಪೆಯೇ ಬೇಕು. ಹರುಕಿನ ಎರಡು ಅಂಚನ್ನು ನೆಲದ ಮೇಲೆ ಹೊಂದಿಸಿಟ್ಟು, ಟೇಪ್ ಹಾಕಿ ಹಿಡಿಸಿ. ಅದೇ ತೂಕದ ಬಟ್ಟೆಯನ್ನು ಹರುಕಿಗಿಂತ ಎಲ್ಲ ಕಡೆ 4-5 ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ. ಬಿಸಿ ಸೋಲ್ಡರಿಂಗ್ ಐರನ್‌ನಲ್ಲಿ ಕತ್ತರಿಸಿದರೆ ಅಂಚು ಕರಗಿ ಮುಚ್ಚಿಕೊಳ್ಳುತ್ತದೆ, ಎಳೆ ಬಿಡುವುದಿಲ್ಲ. ತೇಪೆಯ ನೇಯ್ಗೆಯ ದಿಕ್ಕು ಹಾಯಿಯ ನೇಯ್ಗೆಯ ದಿಕ್ಕಿಗೇ ಇರಬೇಕು. ಓರೆಯಾಗಿಟ್ಟರೆ ಹಾಯಿ ಎಳೆದಾಗ ಒಂದು ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ, ಸುತ್ತ ಸುಕ್ಕು ಏಳುತ್ತದೆ. ಹೊರ ಅಂಚು ಮೊದಲು ಹೊಲಿಯಿರಿ. ಆಮೇಲೆ ಹಾಯಿ ಮಗುಚಿ, ಹರುಕಿನ ಸುತ್ತಲ ಪಿಸಿದ ಬಟ್ಟೆ ಕತ್ತರಿಸಿ ತೆಗೆದು, ಆ ಒಳ ಅಂಚನ್ನೂ ಹೊಲಿಯಿರಿ.

ಯಾವ ದಾರ? ಬಲೆಯ ನೂಲು ನಡೆಯುತ್ತದಾ?

ಯುವಿ ತಡೆಯುವ ಪಾಲಿಯೆಸ್ಟರ್ ದಾರ. ಕೈಹೊಲಿಗೆಗೆ ದಪ್ಪದ್ದು, ಮಷೀನ್‌ಗೆ ವಿ-69 ಅಥವಾ ವಿ-92 ಅಳತೆಯದು. ಟೆನಾರಾದಂಥ ಪಿಟಿಎಫ್‌ಇ ದಾರ ಬಿಸಿಲಿಗೆ ಬಗ್ಗುವುದಿಲ್ಲ, ಬೆಲೆ ಜಾಸ್ತಿ. ಯುವಿ ಪಟ್ಟಿಗೆ ಮಾತ್ರ ಅದನ್ನು ಬಳಸುವುದು ಜಾಣತನ. ನಮ್ಮ ಕರಾವಳಿಯ ಬಂದರುಗಳಲ್ಲಿ ಸುಲಭವಾಗಿ ಸಿಗುವ ಬಲೆಯ ನೈಲಾನ್ ನೂಲು, ಚಪ್ಪಲಿ ರಿಪೇರಿಯವರ ಮೇಣದ ನೂಲು, ಎರಡೂ ದಡ ಸೇರುವ ಮಟ್ಟಿಗೆ ಸರಿ. ನೈಲಾನ್ ಹಿಗ್ಗುತ್ತದೆ, ಬಿಸಿಲಿಗೆ ಬೇಗ ಸೋಲುತ್ತದೆ. ಟೈಲರ್ ಅಂಗಡಿಯ ಹತ್ತಿ ದಾರವಂತೂ ಬೇಡವೇ ಬೇಡ.

ಮನೆಯ ಹೊಲಿಗೆ ಮಷೀನ್ ಸಾಕಾಗುತ್ತದಾ?

ಹಳೆಯ ಕಬ್ಬಿಣದ ಬಾಡಿಯ, ಜಿಗ್‌ಜ್ಯಾಗ್ ಬರುವ ಮಷೀನ್ ಆದರೆ ಎರಡು ಮೂರು ಪದರ ಹೊಲಿಯುತ್ತದೆ. ಬರೀ ನೇರ ಹೊಲಿಗೆಯದಾದರೆ ಯುವಿ ಪಟ್ಟಿಗೆ ಬಳಸಿ, ಜೋಡುಗಳಿಗೆ ಬೇಡ. ಹಾಯಿ ಹಿಗ್ಗಿದಾಗ ಜಿಗ್‌ಜ್ಯಾಗ್ ದಾರ ಜೊತೆಗೆ ಬಾಗುತ್ತದೆ, ನೇರ ದಾರ ಕಡಿಯುತ್ತದೆ. ಮೂಲೆಗಳ ಎಂಟ್ಹತ್ತು ಪದರ ಯಾವ ಮನೆ ಮಷೀನ್‌ಗೂ ಆಗದ ಮಾತು. ನಿಜವಾದ ತೊಂದರೆ ಬೇರೆ: ಸುರುಳಿ ಸುತ್ತಿದ ಹಾಯಿ ಮಷೀನಿನ ಕತ್ತಿನ ಕೆಳಗೆ ತೂರಬೇಕಲ್ಲ! ಊಟದ ಮೇಜು ಪೂರ್ತಿ ಬೇಕು, ಹಾಯಿ ಹಿಡಿಯಲು ಮನೆಯವರೂ ಬೇಕು.

ಕ್ಲ್ಯೂನ ಉಂಗುರ ಕಿತ್ತುಬರುತ್ತಿದೆ.

ಒತ್ತಿ ಕೂರಿಸಿದ ಸ್ಟೀಲ್ ಉಂಗುರವನ್ನು ಬದಲಿಸಲು ಲಾಫ್ಟ್‌ನ ಹೈಡ್ರಾಲಿಕ್ ಪ್ರೆಸ್ ಬೇಕು. ಅಲ್ಲಿವರೆಗೆ ಪಾಲಿಯೆಸ್ಟರ್ ಪಟ್ಟಿಯನ್ನು ಉಂಗುರದೊಳಗಿಂದ ಹಾಯಿಸಿ, ಎರಡು ತುದಿಯನ್ನು ಹಾಯಿಯ ಎರಡು ಬದಿಗೆ ಹೊಲಿಯಿರಿ. ಹೀಗೆ ಮೂರು ಪಟ್ಟಿ: ಒಂದು ಲೀಚ್ ಕಡೆಗೆ, ಒಂದು ಫುಟ್ ಕಡೆಗೆ, ಒಂದು ನಡುವೆ. ಇಲ್ಲಿ ಸೂಜಿ ಒಳಹೋಗಲು ಮೊದಲು ದಬ್ಬಣದಿಂದ ತೂತು ಮಾಡಿ, ಪಕ್ಕಡ್‌ನಿಂದ ಸೂಜಿ ಎಳೆಯಬೇಕಾಗುತ್ತದೆ. ಚೆನ್ನಾಗಿ ಮಾಡಿದರೆ ಆ ತಾತ್ಕಾಲಿಕ ಕೆಲಸವೇ ವರ್ಷಗಟ್ಟಲೆ ಉಳಿಯುತ್ತದೆ.

ಲೀಚ್ ಸದಾ ಪಟಪಟ ಅನ್ನುತ್ತದೆ.

ಲೀಚ್ ಒಳಗೆ ಒಂದು ಸಣ್ಣ ಹಗ್ಗ ಇರುತ್ತದೆ. ಸದ್ದು ನಿಲ್ಲುವಷ್ಟು ಮಾತ್ರ ಎಳೆಯಿರಿ. ಜಾಸ್ತಿ ಎಳೆದರೆ ಅಂಚು ಒಳಕ್ಕೆ ಸುರುಳಿಯಾಗುತ್ತದೆ. ಪಟಪಟವನ್ನು ಹಾಗೇ ಬಿಟ್ಟರೆ ಮೊದಲು ಹೇಳಿದ ಬಿಳಿ ಪುಡಿ ಬೇಗ ಬರುತ್ತದೆ.

ಹ್ಯಾಂಕ್‌ಗಳು ಜಾಮ್ ಆಗಿವೆ.

ಬಿಸಿನೀರಿನಲ್ಲಿ ಉಪ್ಪು ಕರಗಿಸಿ, ಆಮೇಲೆ ಒಣ ಲೂಬ್ರಿಕಂಟ್ ಹಾಕಿ. ಎಣ್ಣೆ, ಗ್ರೀಸ್ ಹಾಕಿದರೆ ಹಾಯಿಗೆ ಕಪ್ಪು ಕಲೆ. ಫೋರ್‌ಸ್ಟೇ ತಂತಿ ಉಜ್ಜಿ ಹ್ಯಾಂಕ್‌ನ ಒಳಬದಿ ಅರ್ಧ ಸವೆದಿದ್ದರೆ ಅದನ್ನು ಬದಲಿಸಿ.

ಕಪ್ಪು ಬೂಷ್ಟು ಹಿಡಿದಿದೆ. ವಾಷಿಂಗ್ ಮಷೀನ್?

ಬೇಡ. ಮಷೀನ್ ಬಟ್ಟೆಯ ಗಂಜಿಯಂಥ ಲೇಪವನ್ನು ತೆಗೆದು ಹಾಯಿಯನ್ನು ಮೆತ್ತಗೆ ಮಾಡುತ್ತದೆ. ಬೂಷ್ಟು ನೋಡಲು ಅಸಹ್ಯ, ಆದರೆ ಡಾಕ್ರಾನ್‌ನ ಬಲ ಕಡಿಮೆ ಮಾಡುವುದಿಲ್ಲ. ಉಗುರುಬೆಚ್ಚಗಿನ ನೀರು, ಮೆತ್ತನೆ ಸೋಪು, ಮೆತ್ತನೆ ಬ್ರಶ್. ಹೋಗದಿದ್ದರೆ ತೀರಾ ತೆಳುವಾದ ಬ್ಲೀಚ್ ಹಾಕಿ ಚೆನ್ನಾಗಿ ತೊಳೆಯಬಹುದು, ಡಾಕ್ರಾನ್‌ಗೆ ಮಾತ್ರ. ನೈಲಾನ್, ಕೆವ್ಲಾರ್‌ಗೆ ಬ್ಲೀಚ್ ತಾಗಿದರೆ ಹಾಯಿ ಮುಗಿಯಿತು. ತುಕ್ಕಿನ ಕಲೆಗೆ ಆಕ್ಸಾಲಿಕ್ ಆಸಿಡ್, ಕೈಗೆ ಗ್ಲೌಸ್ ಹಾಕಿಕೊಂಡು. ಒಣಗಿಸಲು ಗಾಳಿಗೆ ಏರಿಸಿ ಬಡಿಯಲು ಬಿಡಬೇಡಿ. ಹಗ್ಗಕ್ಕೆ ಹಾಕಿ ನೆರಳಲ್ಲಿ ಒಣಗಿಸಿ.

ಮಳೆಗಾಲದಲ್ಲಿ ಹಾಯಿಯನ್ನು ಫರ್ಲರ್ ಮೇಲೇ ಬಿಡಬಹುದಾ?

ಮುಂಬೈಯಿಂದ ಗೋವಾ, ಕಾರವಾರ, ಕೊಚ್ಚಿವರೆಗೆ ಎಲ್ಲೇ ದೋಣಿ ಇರಲಿ, ಜೂನ್‌ಗೆ ಮೊದಲು ಇಳಿಸಿ. ನೈಋತ್ಯ ಮುಂಗಾರಿನಲ್ಲಿ ಈ ಕರಾವಳಿಯಲ್ಲಿ ಯಾಟ್ ಓಡಿಸುವವರು ತೀರಾ ಕಡಿಮೆ, ಮತ್ತೆ ಸುತ್ತಿಟ್ಟ ಹಾಯಿ ಯಾರಿಗೆ? ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಮಡಿಚಿ ಇಡಿ. ಉಪ್ಪು ಉಳಿದರೆ ಗಾಳಿಯ ತೇವ ಹೀರಿ ಒದ್ದೆಯಾಗೇ ಇರುತ್ತದೆ. ಇಲಿಗೆ ಹಾಯಿ ಚೀಲ ಬಹಳ ಇಷ್ಟ, ಅದನ್ನೂ ನೋಡಿಕೊಳ್ಳಿ. ಆ ನಾಲ್ಕು ತಿಂಗಳೇ ಹೊಲಿಗೆಗೆ ಒಳ್ಳೆಯ ಸಮಯ. ಲಾಫ್ಟ್‌ಗೆ ಕಳಿಸುವುದಿದ್ದರೂ ಆಗಲೇ ಕಳಿಸಿ. ಸೆಪ್ಟೆಂಬರ್ ಕೊನೆಗೆ ಎಲ್ಲರ ಹಾಯಿಯೂ ಒಟ್ಟಿಗೆ ಅಲ್ಲಿ ಬಂದು ಬೀಳುತ್ತದೆ.

ಲಾಫ್ಟ್‌ನವರಿಗೆ ಏನು ಹೇಳಿ ಕಳಿಸಬೇಕು?

"ರಿಪೇರಿ ಮಾಡಿ" ಅಂದರೆ ಸಾಲದು. ಹರಿದ, ಬಿಟ್ಟ ಜಾಗಗಳಿಗೆಲ್ಲ ಬಣ್ಣದ ಟೇಪ್ ಅಂಟಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಲೀಚ್ ಜೋಡುಗಳನ್ನೆಲ್ಲ ಮತ್ತೆ ಹೊಲಿಯಬೇಕೋ, ಕೆಟ್ಟವು ಮಾತ್ರವೋ ಅಂತ ಬರೆದು ಕೊಡಿ. ಒಂದು ಜೋಡಿನ ದಾರ ಸತ್ತಿದ್ದರೆ ಪಕ್ಕದ್ದೂ ಅದೇ ಬಿಸಿಲು ತಿಂದಿರುತ್ತದೆ, ಹಾಗಾಗಿ ಎಲ್ಲವನ್ನೂ ಹೊಲಿಸುವುದೇ ಲಾಭ. ಫರ್ಲರ್‌ನ ಟೇಪ್ ದಪ್ಪ, ಯುವಿ ಪಟ್ಟಿ ಯಾವ ಬದಿಗೆ ಬೇಕು, ಇವನ್ನು ಬರೆಯಿರಿ. ಮೊದಲೇ ತೊಳೆದು ಕಳಿಸಿ. ಇಲ್ಲದಿದ್ದರೆ ತೊಳೆಯುವ ಚಾರ್ಜ್ ಬೇರೆ ಸೇರುತ್ತದೆ.